ಶಾವಿಗೆ ಒರಳಿನಲ್ಲಿ ಕೂರಿಸಿದ ಬೇರಿಂಗು

“ಗುರುಗಳೇ, ದೊಡ್ಡವರಿಗೆ ಒಂದು ಕಠಿಣವಾದ ಮಾತು ಹೇಳಬೇಕಾಗಿ ಬಂದರೆ ಹೇಗೆ ಹೇಳಬೇಕು?” ಎಂದು ಶಿಷ್ಯ ಕೇಳಿದ.

“ಯಾರಿಗೆ?”

“ಯಾರಿಗೂ ಅಲ್ಲ. ತಿಳಿದುಕೊಳ್ಳಲು ಕೇಳಿದೆ.”

“ಯಾವ ಮಾತು?”

“ಯಾವುದೂ ಅಲ್ಲ.”

ಗುರುಗಳು ಅವನ ಮುಖ ನೋಡಿದರು. ಶಿಷ್ಯ ನೆಲ ನೋಡಿದ.

“ಕೂತುಕೋ” ಎಂದರು ಗುರುಗಳು. “ಒಬ್ಬ ಶಾವಿಗೆಗಾರನಿದ್ದ. ಅವನಲ್ಲಿ ಒಂದು ಕಾರಿತ್ತು.”

“ಕಾರೇ, ಗುರುಗಳೇ?”

“ಕಾರು. ರಾಜರ ರಥದ ಕತೆಯೇ ಬೇಕಾದರೆ ಬೇರೆ ಮಠಕ್ಕೆ ಹೋಗು.”

ಶಿಷ್ಯ ಕೂತ. ಗುರುಗಳು ಹೇಳಿದರು.

ಶಾವಿಗೆಗಾರ ಒಂದು ಸಣ್ಣ ಪೇಟೆಯಲ್ಲಿದ್ದ. ಅಕ್ಕಿ ಶಾವಿಗೆ ಒತ್ತಿ ಸುತ್ತಲಿನ ಹೋಟೆಲುಗಳಿಗೆ ಕೊಡುವುದು ಅವನ ಕಸುಬು. ಮನೆಯ ಹಿಂದಿನ ಚಪ್ಪರದಲ್ಲಿ ಅವನ ಒರಳಿತ್ತು. ಅಡುಗೆಮನೆಯ ಕೈ ಒರಳಲ್ಲ. ಆಳೆತ್ತರದ ಕಬ್ಬಿಣದ ಚೌಕಟ್ಟು. ನಡುವೆ ತೋಳು ದಪ್ಪದ ತಿರುಪು. ತಲೆಯ ಮೇಲೆ ಇಬ್ಬರು ಹಿಡಿದು ತಿರುಗಿಸುವ ಅಡ್ಡಕೋಲು. ಬೆಂದ ಹಿಟ್ಟನ್ನು ಕೊಳವೆಗೆ ತುಂಬಿ ಕೋಲು ತಿರುಗಿಸಿದರೆ, ತಿರುಪು ಹಿಟ್ಟಿನ ನಡುವೆ ಇಳಿಯುತ್ತಿತ್ತು. ಕೆಳಗಿನ ತೂತುಗಳಿಂದ ಶಾವಿಗೆ ಬರುತ್ತಿತ್ತು. ಕೋಲಿನ ಒಂದು ತುದಿ ಅವನದು, ಇನ್ನೊಂದು ಅವನ ಹೆಂಡತಿಯದು.

ಹೆಂಡತಿ ಮಾತುಗಾರ್ತಿ. ಹಿಟ್ಟಿನ ಜೊತೆ ಮಾತಾಡುತ್ತಿದ್ದಳು. ಒಲೆಗೆ ಬೈಯುತ್ತಿದ್ದಳು. ಶಾವಿಗೆ ತುಂಡಾಗದೆ ಇಳಿದರೆ ಅದನ್ನು ಹೊಗಳುತ್ತಿದ್ದಳು. ಶಾವಿಗೆಗಾರ ಆಗೊಮ್ಮೆ ಈಗೊಮ್ಮೆ ಹೂಂ ಎನ್ನುತ್ತಿದ್ದ. ಸಂಸಾರ ಚೆನ್ನಾಗಿ ನಡೆದಿತ್ತು.

ಅವಳಿಗೆ ಒಬ್ಬ ತಮ್ಮನಿದ್ದ. ಅದೇ ಪೇಟೆಯಲ್ಲಿ ಕಾರು ರಿಪೇರಿ ಮಾಡುತ್ತಿದ್ದ. ಪೇಟೆಗೆ ಇದ್ದದ್ದು ಅವನದೊಂದೇ ಗ್ಯಾರೇಜು.

ಶಾವಿಗೆಗಾರ ಒಂದು ಹಳೆಯ ಕಾರು ಕೊಂಡ. ಕೊಳ್ಳುವ ಮೊದಲು ಭಾವಮೈದನನ್ನು ಒಂದು ಮಾತು ಕೇಳಲಿಲ್ಲ. ಕಾರು ನೋಡಲು ಚೆನ್ನಾಗಿತ್ತು. ಓಡುವಾಗ ಗುಂಯ್ ಎನ್ನುತ್ತಿತ್ತು. ವೇಗ ಹೆಚ್ಚಿದಷ್ಟೂ ಗುಂಯ್ ಹೆಚ್ಚುತ್ತಿತ್ತು.

ನೆಂಟರ ಮನೆಯಲ್ಲಿ ಸೀಮಂತದ ಊಟ. ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದರು. ಭಾವಮೈದ ಎಲ್ಲರಿಗೂ ಕೇಳುವಂತೆ ಹೇಳಿದ:

“ಭಾವ ಕಾರು ಕೊಂಡಿಲ್ಲ. ಹಿಟ್ಟಿನ ಗಿರಣಿಗೆ ಚಕ್ರ ಹಾಕಿಸಿಕೊಂಡು ಬಂದಿದ್ದಾರೆ. ಊರಿನವರೆಲ್ಲ ಅಕ್ಕಿ ಹಿಡಿದುಕೊಂಡು ಬೀದಿಗೆ ಬಂದು ನಿಲ್ಲುತ್ತಿದ್ದಾರೆ.”

ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕ. ಸಾರು ಎಲೆ ಬಿಟ್ಟು ನೆಲಕ್ಕೆ ಬಿತ್ತು. ಶಾವಿಗೆಗಾರ ಪಾಯಸಕ್ಕೆ ಕಾಯದೆ ಎದ್ದ. ಪಾಯಸ ಅವನದೇ ಶಾವಿಗೆಯದು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಎಂದರೆ ಮಾತು ನಿಂತಿತು ಎಂದಲ್ಲ. ನೇರವಾಗಿ ಹೋಗುವುದನ್ನು ಬಿಟ್ಟು ಹೆಂಡತಿಯ ಮೂಲಕ ಹೋಗತೊಡಗಿತು.

“ನಿನ್ನ ತಮ್ಮನಿಗೆ ಹೇಳು, ಸ್ಪ್ಯಾನರ್ ಹಿಡಿಯುವುದನ್ನು ಕಲಿತರೆ ಸಾಲದು, ನಾಲಿಗೆ ಹಿಡಿಯುವುದನ್ನೂ ಕಲಿಯಲಿ” ಎಂದು ಶಾವಿಗೆಗಾರ ಹೇಳುತ್ತಿದ್ದ.

ಅವಳು ತಮ್ಮನ ಮನೆಗೆ ಹೋಗಿ, “ನಿಮ್ಮ ಭಾವನಿಗೆ ಸ್ವಲ್ಪ ಬೇಜಾರಾಗಿದೆ ಕಣೋ” ಎನ್ನುತ್ತಿದ್ದಳು.

“ಭಾವನಿಗೆ ಹೇಳಕ್ಕ, ಅಷ್ಟು ರೋಷ ಇರುವವರು ಕಾರು ಕೊಳ್ಳುವಾಗ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಬಾರದಿತ್ತು.”

ಅವಳು ಮನೆಗೆ ಬಂದು, “ನೀವು ಹೇಗಿದ್ದೀರಿ ಅಂತ ಕೇಳಿದ” ಎನ್ನುತ್ತಿದ್ದಳು.

ಖಾರವನ್ನು ದಾರಿಯಲ್ಲಿ ತಾನು ನುಂಗುತ್ತಿದ್ದಳು. ಸಪ್ಪೆಯನ್ನು ತಲುಪಿಸುತ್ತಿದ್ದಳು. ಸಪ್ಪೆ ಮುಟ್ಟಿದವನಿಗೆ ತನ್ನ ಮಾತು ತಾಗಲಿಲ್ಲ ಎನಿಸುತ್ತಿತ್ತು. ಮುಂದಿನ ಸಲ ಇನ್ನೂ ಖಾರ ಕಳಿಸುತ್ತಿದ್ದ.

ಹೀಗಿರುವಾಗ ಅವಳ ತಮ್ಮ ಹೊಸ ಮನೆ ಕಟ್ಟಿ ಮುಗಿಸಿದ. ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಅವರ ಮನೆತನದಲ್ಲಿ ಒಂದು ಪದ್ಧತಿ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವವರು ಮನೆಯ ಹೆಣ್ಣುಮಗಳು ಮತ್ತು ಅವಳ ಗಂಡ. ಇಬ್ಬರೂ ಸೇರಿ ಪಾತ್ರೆ ಇಡಬೇಕು. ಗಂಡ ಊರಲ್ಲಿದ್ದೂ ಬರದಿದ್ದರೆ ಅವಳು ಒಲೆಯ ಹತ್ತಿರ ನಿಲ್ಲುವಂತಿಲ್ಲ. ದಾಯಾದಿಗಳ ಮಗಳು ಯಾರಾದರೂ ಬಂದು ಉಕ್ಕಿಸುತ್ತಾಳೆ.

“ಬರುತ್ತೀರಾ?” ಎಂದು ಹೆಂಡತಿ ಕೇಳಿದಳು.

“ಬಂದರೆ ನನ್ನ ಕಾರಿನಲ್ಲೇ ಬರುತ್ತೇನೆ. ಅದು ಸದ್ದು ಮಾಡಬಾರದು. ಸದ್ದು ಮಾಡಿದರೆ ಬರುವುದಿಲ್ಲ. ಮತ್ತೊಮ್ಮೆ ಪಂಕ್ತಿಯಲ್ಲಿ ನಗೆಪಾಟಲಾಗಲಾರೆ.”

“ಹಾಗಾದರೆ ಕಾರನ್ನು ಗ್ಯಾರೇಜಿಗೆ ಬಿಡಿ.”

“ಯಾವ ಗ್ಯಾರೇಜಿಗೆ?”



ಶಾವಿಗೆಗಾರ ತಾನೇ ರಿಪೇರಿ ಮಾಡುತ್ತೇನೆ ಎಂದು ಹೊರಟ. ಫೋನಿನಲ್ಲಿ ಯಾರೋ ಮಾಡಿ ತೋರಿಸುವುದನ್ನು ನೋಡಿದ. ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿದ. ಕೈಯಲ್ಲಿ ತಿರುಗಿಸಿದ. ಮುಂದಿನ ಎಡಚಕ್ರ ಕರಕರ ಎಂದಿತು. ಬೇರಿಂಗು ಸವೆದಿದೆ ಎಂದು ತಿಳಿಯಿತು.

“ಬೇರಿಂಗು ಎಂದರೆ ಏನು, ಗುರುಗಳೇ?” ಎಂದು ಶಿಷ್ಯ ನಡುವೆ ಕೇಳಿದ.

“ಎರಡು ಬಳೆ. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರೊಳಗೆ ಚಿಕ್ಕದು. ಎರಡರ ನಡುವೆ ಉಕ್ಕಿನ ಗುಂಡುಗಳು. ಹೊರಬಳೆ ಕಾರಿನ ಕಬ್ಬಿಣದ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಅಲ್ಲಾಡುವುದಿಲ್ಲ. ಒಳಬಳೆ ಚಕ್ರದ ಜೊತೆ ತಿರುಗುತ್ತದೆ. ನಿಲ್ಲುವುದಿಲ್ಲ. ಒಂದು ನಿಂತದ್ದು, ಒಂದು ಓಡುವಂಥದು. ಎರಡಕ್ಕೂ ತಿಕ್ಕಾಟವಾಗದಂತೆ ನೋಡಿಕೊಳ್ಳುವುದು ಗುಂಡುಗಳು. ತಿಳಿಯಿತೆ?”

“ತಿಳಿಯಿತು.”

“ಇನ್ನು ನಡುವೆ ಬಾಯಿ ಹಾಕಬೇಡ.”

ಶಾವಿಗೆಗಾರ ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ ಹೊಸ ಬೇರಿಂಗು ತಂದ. ಅಂಗಡಿಯವನು ಹೇಳಿದ:

“ಸ್ವಾಮಿ, ಇದು ಕೈಯಲ್ಲಿ ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಕೆಡುತ್ತದೆ. ಒತ್ತಿ ಕೂರಿಸಬೇಕು. ಅದಕ್ಕೆ ಪ್ರೆಸ್ ಬೇಕು.”

ಶಾವಿಗೆಗಾರ ನಕ್ಕ. “ಒತ್ತುವುದನ್ನು ನನಗೆ ಹೇಳಿಕೊಡಬೇಡಪ್ಪ. ನನ್ನ ಅಜ್ಜನ ಕಾಲದಿಂದ ಒತ್ತುತ್ತಿದ್ದೇವೆ.”

ಫೋನಿನವನು ಹೊಸ ಬೇರಿಂಗನ್ನು ತಣ್ಣಗೆ ಇಡಬೇಕು ಎಂದಿದ್ದ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಸುಲಭವಾಗಿ ಒಳಗೆ ಹೋಗುತ್ತದೆ. ಶಾವಿಗೆಗಾರ ಅದನ್ನು ಫ್ರಿಜ್ಜಿನ ಮೇಲಿನ ಕೋಣೆಯಲ್ಲಿ ಇಟ್ಟ. ಹೆಂಡತಿ ಬಟಾಣಿ ತೆಗೆಯಲು ಹೋಗಿ ಬೇರಿಂಗು ತೆಗೆದಳು.

“ಇದನ್ನು ಒಗ್ಗರಣೆಗೆ ಹಾಕಲಾ, ಹಾಗೇ ಬೇಯಿಸಲಾ?”

“ಅಲ್ಲೇ ಇಡು. ಅದು ನಿನಗೆ ಹಾಲು ಉಕ್ಕಿಸಿಕೊಡುವಂಥದು.”

ಅವಳು ಬೇರಿಂಗನ್ನು ಮತ್ತೆ ಇಟ್ಟಳು. ಇಡುವಾಗ ಅದಕ್ಕೆ ಒಂದು ಮಾತು ಹೇಳಿದಳು. ಏನು ಹೇಳಿದಳೋ ಅವನಿಗೆ ಕೇಳಿಸಲಿಲ್ಲ.

ಅವನು ಚಕ್ರ ಕಳಚಿದ. ಬ್ರೇಕನ್ನು ಕಳಚಿ, ಅದರ ಕೊಳವೆ ಜಗ್ಗದಂತೆ ತಂತಿಯಲ್ಲಿ ಮೇಲೆ ಕಟ್ಟಿದ. ಗೂಡನ್ನು ಬಿಚ್ಚಿ ಚಪ್ಪರಕ್ಕೆ ತಂದ. ಒರಳಿನ ಕೊಳವೆ ತೆಗೆದಿಟ್ಟು, ಅದರ ಜಾಗದಲ್ಲಿ ಗೂಡನ್ನು ಎರಡು ಕಬ್ಬಿಣದ ತುಂಡುಗಳ ಮೇಲೆ ನಿಲ್ಲಿಸಿದ. ತಿರುಪನ್ನು ಹಳೆಯ ಬೇರಿಂಗಿನ ನಡುವೆ ಇಳಿಸಿದ. ಕೋಲಿಗೆ ಹೆಂಡತಿಯನ್ನು ಕರೆದ.

ಇಬ್ಬರೂ ತಿರುಗಿಸಿದರು. ತಿರುಪು ಕಿರ್ರೆಂದಿತು. ಚಪ್ಪರದ ಮೇಲಿನ ಕಾಗೆ ಹಾರಿತು. ಟಪ್ ಎಂದು ಹಳೆಯ ಬೇರಿಂಗು ಕೆಳಗೆ ಬಿತ್ತು. ಗುಂಡುಗಳು ಚಪ್ಪರದ ತುಂಬ ಉರುಳಿದವು.

“ನೋಡಿದೆಯಾ?” ಎಂದ ಶಾವಿಗೆಗಾರ. “ಒತ್ತುವುದು ಎಂದರೆ ಒತ್ತುವುದು. ಹಿಟ್ಟಾದರೇನು, ಉಕ್ಕಾದರೇನು. ನಡುವೆ ಹಿಡಿದು ಒತ್ತಬೇಕು.”

ಹೊಸದನ್ನು ಫ್ರಿಜ್ಜಿನಿಂದ ತಂದ. ಗೂಡಿನ ಬಾಯಿಗೆ ಇಟ್ಟ. ಹಾಗೆಯೇ ತಿರುಪನ್ನು ನಡುವೆ ಇಳಿಸಿದ. ನಡುವೆ ಇದ್ದದ್ದು ಒಳಬಳೆ. ಇಬ್ಬರೂ ತಿರುಗಿಸಿದರು. ಬೇರಿಂಗು ನೇರವಾಗಿ ಒಳಗೆ ಹೋಯಿತು. ಒಂದಿಷ್ಟೂ ವಾರೆಯಾಗಲಿಲ್ಲ. ಶಾವಿಗೆಗಾರ ಅದರ ಬೆನ್ನು ತಟ್ಟಿದ. ಹೆಂಡತಿ ಕೈ ಒರೆಸಿಕೊಂಡಳು. ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ ಇಬ್ಬರೂ ಕಾರು ಹತ್ತಿದರು.

ಪೇಟೆಯ ಬೀದಿಯಲ್ಲಿ ಕಾರು ಮೆಲ್ಲಗೆ ಹೋಯಿತು. ಸದ್ದಿಲ್ಲ. ಹೆಂಡತಿ ಯಾವ ಸೀರೆ ಉಡಬೇಕು ಎಂದು ಹೇಳತೊಡಗಿದಳು. ಹಸಿರೋ, ಕೆಂಪೋ. ಹಸಿರಿಗೆ ರವಿಕೆ ಇಲ್ಲ. ಕೆಂಪು ಉಟ್ಟರೆ ನಾದಿನಿಯೂ ಕೆಂಪೇ ಉಡುತ್ತಾಳೆ.

ದೊಡ್ಡ ರಸ್ತೆಗೆ ಬಂದರು. ಶಾವಿಗೆಗಾರ ವೇಗ ಹೆಚ್ಚಿಸಿದ.

ಗುಂಯ್.

ಹೆಂಡತಿ ಸೀರೆಯ ಮಾತು ನಿಲ್ಲಿಸಿದಳು.

“ಅದು ರಸ್ತೆಯ ಸದ್ದು” ಎಂದ ಶಾವಿಗೆಗಾರ.

ಪಕ್ಕದಲ್ಲಿ ಬೇರೊಂದು ಕಾರು ಸುಮ್ಮನೆ ದಾಟಿ ಹೋಯಿತು.

“ಅವರಿಗೆ ಬೇರೆ ರಸ್ತೆ ಹಾಕಿಸಿದ್ದಾರಾ?” ಎಂದಳು ಹೆಂಡತಿ.

ಶಾವಿಗೆಗಾರ ಕಾರು ತಿರುಗಿಸಿದ. ಮನೆಗೆ ಬಂದು ಚಕ್ರ ಎತ್ತಿ ನೋಡಿದ. ಹೊಸ ಬೇರಿಂಗು ಹಳೆಯದರ ಹಾಗೆಯೇ ಕರಕರ ಎಂದಿತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಎಂದುಕೊಂಡ. ಮತ್ತೊಂದು ತಂದ. ಮತ್ತೆ ಫ್ರಿಜ್ಜಿನಲ್ಲಿಟ್ಟ. ಮತ್ತೆ ನಡುವೆ ಒತ್ತಿದ. ಈ ಸಲ ಇನ್ನೂ ಜೋರಾಗಿ ಒತ್ತಿದ. ಅದೂ ಗುಂಯ್ ಎಂದಿತು. ಇನ್ನೂ ಜೋರಾಗಿ ಎಂದಿತು.

ಆಗ ಹೆಂಡತಿಗೆ ಹೇಳಿದ:

“ನಿನ್ನ ತಮ್ಮನನ್ನು ಕೇಳು, ಹೊಸ ಬೇರಿಂಗು ಯಾಕೆ ಸದ್ದು ಮಾಡುತ್ತದೆ ಅಂತ. ನಾನು ಕೇಳಿದೆ ಅನ್ನಬೇಡ. ದಾರಿಯಲ್ಲಿ ಯಾರೋ ಕೇಳಿದರು ಅನ್ನು. ಅವನಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲಿ.”

ಅವಳು ಹೋದಳು. ತಮ್ಮ ತನ್ನ ಹೊಸ ಮನೆಯ ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದ.

“ದಾರಿಯಲ್ಲಿ ಯಾರೋ ಕೇಳಿದರಂತಾ?” ಎಂದು ನಕ್ಕ. “ಆ ದಾರಿಯವರಿಗೆ ಹೇಳಕ್ಕ, ಹಿಟ್ಟು ಒತ್ತುವ ಕೈಯಲ್ಲಿ ಬೇರಿಂಗು ಒತ್ತಿದರೆ ಅದು ಸದ್ದು ಮಾಡುವುದಿಲ್ಲ, ಗೋಳಾಡುತ್ತದೆ. ಮತ್ತೆ ಇದನ್ನೂ ಹೇಳು. ಅವರು ಬರದಿದ್ದರೆ ಹಾಲೇನು ಉಕ್ಕದೆ ಇರುವುದಿಲ್ಲ. ಉಕ್ಕಿಸಲು ಬೇಕಾದಷ್ಟು ಜನರಿದ್ದಾರೆ.”

ಅವಳು ಮನೆಗೆ ಬಂದಳು. ಶಾವಿಗೆಗಾರ ಬಾಗಿಲಲ್ಲೇ ಕಾದಿದ್ದ.

“ಏನಂದ?”

ಅವಳು ಒಳಗೆ ಹೋಗಿ ಹಿಟ್ಟಿನ ಮುಂದೆ ಕೂತಳು.

“ಏನಂದ ಅಂತ ಕೇಳಿದೆ.”

“ಗೊತ್ತಿಲ್ಲ” ಎಂದಳು. “ಇನ್ನು ಮೇಲೆ ನಿಮ್ಮ ಮಾತನ್ನು ಅವನಿಗೆ ಒಯ್ಯುವುದಿಲ್ಲ. ಅವನ ಮಾತನ್ನು ನಿಮಗೆ ತರುವುದಿಲ್ಲ. ಗೃಹಪ್ರವೇಶಕ್ಕೆ ನೀವು ಬರಬೇಕಾಗಿಲ್ಲ. ನಾನೂ ಹೋಗುವುದಿಲ್ಲ.”

ಅಷ್ಟು ಹೇಳಿದವಳು ಆಮೇಲೆ ಏನೂ ಹೇಳಲಿಲ್ಲ. ಹಿಟ್ಟಿಗೂ ಹೇಳಲಿಲ್ಲ. ಒಲೆ ಹೊಗೆಯಾಡಿತು. ಬೈಯಲಿಲ್ಲ. ಶಾವಿಗೆ ಒಂದೂ ತುಂಡಾಗದೆ ಮಾರುದ್ದ ಇಳಿಯಿತು. ಅದರ ಕಡೆ ನೋಡಲಿಲ್ಲ. ಶಾವಿಗೆಗಾರ ಅಭ್ಯಾಸದಂತೆ ಹೂಂ ಎಂದ. ಯಾವುದಕ್ಕೆ ಎಂದ ಎಂದು ಅವನಿಗೇ ತಿಳಿಯಲಿಲ್ಲ.

ಮರುದಿನವೂ ಹಾಗೆಯೇ. ಅವನಿಗೆ ಹೆದರಿಕೆಯಾಯಿತು. ಕಾರಿನ ಸದ್ದನ್ನು ಅವನು ಎಷ್ಟೋ ತಿಂಗಳು ಸಹಿಸಿದ್ದ. ಮನೆಯ ಈ ಮೌನವನ್ನು ಎರಡು ದಿನ ಸಹಿಸಲಾಗಲಿಲ್ಲ.

ಅವನು ಗುಂಯ್ ಎನ್ನುವ ಕಾರನ್ನು ಹತ್ತಿ ಪೇಟೆಯ ನಡುವೆಯೇ ಓಡಿಸಿಕೊಂಡು ಗ್ಯಾರೇಜಿಗೆ ಹೋದ.

ಭಾವಮೈದ ಒಂದು ವ್ಯಾನಿನ ಕೆಳಗೆ ಮಲಗಿದ್ದ. ಎರಡು ಕಾಲು ಮಾತ್ರ ಹೊರಗಿದ್ದವು. ಶಾವಿಗೆಗಾರ ಆ ಕಾಲುಗಳ ಮುಂದೆ ನಿಂತ.

“ಸದ್ದಿನಲ್ಲೇ ತಿಳಿಯಿತು” ಎಂದವು ವ್ಯಾನಿನ ಕೆಳಗಿನಿಂದ ಕಾಲುಗಳು. “ಅಕ್ಕ ಬಂದಿದ್ದಾಳಾ?”

“ಇಲ್ಲ. ನಾನೇ ಬಂದಿದ್ದೇನೆ.”

 ಭಾವಮೈದ ಹೊರಗೆ ಜಾರಿ ಬಂದ. ಮುಖದ ತುಂಬ ಎಣ್ಣೆ.

“ಹೇಳಿ ಭಾವ.”

“ಎರಡು ಬೇರಿಂಗು ಹಾಕಿದೆ. ಎರಡೂ ಗುಂಯ್ ಎಂದವು. ನನ್ನ ತಪ್ಪೆಲ್ಲಿದೆ ತೋರಿಸು.”

ಭಾವಮೈದ ನಗಲು ಬಾಯಿ ತೆರೆದ. ಎದುರಿಗೆ ನಿಂತ ಮುಖ ನೋಡಿ ಬಾಯಿ ಮುಚ್ಚಿದ. ಜಾಕ್ ತಂದ. ಇಬ್ಬರೂ ಸೇರಿ ಗೂಡು ಬಿಚ್ಚಿದರು. ಬೇರಿಂಗನ್ನು ಒತ್ತಿ ಹೊರಗೆ ತೆಗೆದರು. ಭಾವಮೈದ ಗುಂಡುಗಳನ್ನು ಬಟ್ಟೆಯ ಮೇಲೆ ಸುರಿದ. ಬಳೆಯನ್ನು ಒರೆಸಿ ಭಾವನ ಕೈಗೆ ಕೊಟ್ಟ.

“ಗುಂಡು ಓಡುವ ಜಾಡಿನಲ್ಲಿ ಉಗುರು ಆಡಿಸಿ.”

ಶಾವಿಗೆಗಾರ ಉಗುರು ಆಡಿಸಿದ. ಜಾಡಿನಲ್ಲಿ ಸಾಲಾಗಿ ಸಣ್ಣ ಗುಳಿಗಳಿದ್ದವು. ಕಣ್ಣಿಗೆ ಕಾಣುವುದೇ ಕಷ್ಟ. ಉಗುರಿಗೆ ಸಿಕ್ಕವು. ಒಂದೊಂದು ಗುಂಡಿಗೆ ಒಂದೊಂದು ಗುಳಿ.

“ಎಲ್ಲಿ ಒತ್ತಿದಿರಿ ಭಾವ?”

“ನಡುವೆ. ಶಾವಿಗೆಗೆ ಒತ್ತುವ ಹಾಗೆ.”

“ಬಿಗಿಯಾಗಿ ಕೂರಬೇಕಾದದ್ದು ಯಾವುದು?”

“ಹೊರಬಳೆ.”

“ನೀವು ಒತ್ತಿದ್ದು ಒಳಬಳೆಯನ್ನು. ಒಳಬಳೆಯಿಂದ ಹೊರಬಳೆಗೆ ಒತ್ತಡ ಹೋಗಬೇಕಾದರೆ ದಾರಿ ಎಲ್ಲಿದೆ?”

ಶಾವಿಗೆಗಾರ ಬಟ್ಟೆಯ ಮೇಲಿನ ಗುಂಡುಗಳನ್ನು ನೋಡಿದ.

“ಇವುಗಳ ಮೇಲೆ ಹೋಯಿತು” ಎಂದ.

“ಇವು ಉರುಳಲು ಇರುವಂಥವು. ಒತ್ತಡ ಹೊತ್ತು ಸಾಗಿಸಲು ಇರುವಂಥವಲ್ಲ.”

“ಹಳೆಯದನ್ನೂ ಹಾಗೆಯೇ ಒತ್ತಿದ್ದೆ. ಚೆನ್ನಾಗಿ ಬಂತು.”

“ಅದನ್ನು ಬಿಸಾಡಲು ತೆಗೆದಿರಿ. ಬಿಸಾಡುವುದಾದರೆ ಎಲ್ಲಿ ಒತ್ತಿದರೂ ಆಗುತ್ತದೆ. ಉಳಿಸಿಕೊಳ್ಳುವುದಾದರೆ ಆಗುವುದಿಲ್ಲ.”

ಶಾವಿಗೆಗಾರ ಒಂದು ಗುಂಡನ್ನು ಎತ್ತಿಕೊಂಡ. ಬೆರಳುಗಳ ನಡುವೆ ಹೊರಳಿಸಿದ. ಬಹಳ ಹೊತ್ತು ಹೊರಳಿಸಿದ.

“ನಿನ್ನ ಅಕ್ಕ ಮಾತು ಬಿಟ್ಟಿದ್ದಾಳೆ” ಎಂದ.

“ನನ್ನ ಜೊತೆ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ.”

“ಎಲ್ಲರ ಜೊತೆ. ಒಲೆಯ ಜೊತೆಯೂ.”

ಭಾವಮೈದ ವ್ಯಾನಿನ ಚಕ್ರಕ್ಕೆ ಒರಗಿ ಕೂತ. “ಒಲೆಯ ಜೊತೆಯೂ?”

“ಹೂಂ.”

ಶಾವಿಗೆಗಾರ ಗುಂಡನ್ನು ಬಟ್ಟೆಯ ಮೇಲೆ ಇಟ್ಟ.  ಈಗ ಅವನ ದನಿ ಜೋರಾಗಿತ್ತು.

“ಪಂಕ್ತಿಯಲ್ಲಿ ಎಲ್ಲರೆದುರು ನನ್ನ ಮಾನ ತೆಗೆದೆ. ಹಾಗೆ ಮಾಡಬಾರದಿತ್ತು.”

ಭಾವಮೈದನ ದನಿಯೂ ಜೋರಾಯಿತು.

“ನೀವು ನನ್ನನ್ನು ಕೇಳದೆ ಕಾರು ಕೊಂಡಿರಿ. ಸ್ವಂತ ಭಾವನೇ ಇವನನ್ನು ನಂಬುವುದಿಲ್ಲ ಅಂತ ಗಿರಾಕಿಗಳು ನನ್ನ ಮುಖಕ್ಕೇ ಹೇಳಿದರು. ನನ್ನ ಮಾನ ಮೊದಲು ಹೋಯಿತು. ಪಂಕ್ತಿಯಲ್ಲಿ ನಿಮ್ಮದು ಹೋಯಿತು.”

“ಅದನ್ನು ಅಂದೇ ನನಗೆ ಹೇಳಬಹುದಿತ್ತಲ್ಲ!”

“ನೀವೂ ಹೇಳಬಹುದಿತ್ತಲ್ಲ! ಪಾಯಸ ಬಿಟ್ಟು ಎದ್ದು ಹೋದಿರಿ!”

“ಅದು ನಾನೇ ಒತ್ತಿದ ಶಾವಿಗೆ! ತಿಂದರೆಷ್ಟು ಬಿಟ್ಟರೆಷ್ಟು!”

ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಕೈ ಕೈ ಮಿಲಾಯಿಸುತ್ತಾರೆ ಎಂದುಕೊಂಡರು. ಹಾಗಾಗಲಿಲ್ಲ. ಹೇಳಬೇಕಾದದ್ದು ಮುಗಿದಿತ್ತು. ಭಾವಮೈದ ಮೊದಲು ನಕ್ಕ. ಶಾವಿಗೆಗಾರ ನಗಬಾರದು ಎಂದು ಬಿಗಿಹಿಡಿದು, ಆಗದೆ ನಕ್ಕ. ನಿಂತವರು ನಿರಾಶರಾಗಿ ಹೊರಟರು.

ಭಾವಮೈದ ಕಪಾಟಿನಿಂದ ಒಂದು ಹೊಸ ಬೇರಿಂಗು ತಂದ. “ಬನ್ನಿ, ನನ್ನ ಪ್ರೆಸ್ಸಿನಲ್ಲಿ ಕೂರಿಸೋಣ.”

“ಬೇಡ. ನನ್ನ ಒರಳಿನಲ್ಲೇ ಕೂರಿಸಬೇಕು. ತಪ್ಪು ಒರಳಿನದಲ್ಲ.”

“ಸರಿ. ಒರಳಿನ ಹಿಟ್ಟು ತೊಳೆದಿದ್ದೀರಾ?”

“ನಿನ್ನ ಮುಖಕ್ಕಿಂತ ಚೊಕ್ಕವಾಗಿದೆ.”

ಬೇರಿಂಗನ್ನೂ ಗೂಡನ್ನೂ ವ್ಯಾನಿನಲ್ಲಿ ಹಾಕಿಕೊಂಡು ಇಬ್ಬರೂ ಮನೆಗೆ ಬಂದರು. ಹೆಂಡತಿ ಹಿಂಬಾಗಿಲಿನಿಂದ ನೋಡಿದಳು. ಅವಳ ತಮ್ಮ ಗೂಡನ್ನು ಒರಳಿನಲ್ಲಿ ನಿಲ್ಲಿಸುತ್ತಿದ್ದ. ಗಂಡ ಅದನ್ನು ಹಿಡಿದಿದ್ದ. ಅವಳು ಬಾಗಿಲಿಗೆ ಒರಗಿ ನಿಂತಳು. 

ಭಾವಮೈದ ಕೆಟ್ಟುಹೋದ ಬೇರಿಂಗಿನ ಹೊರಬಳೆಯನ್ನು ತಂದಿದ್ದ. ಅದರ ಅಂಚನ್ನು ಅರದಲ್ಲಿ ಸ್ವಲ್ಪ ಉಜ್ಜಿದ. ಹೊಸ ಬೇರಿಂಗನ್ನು ಗೂಡಿನ ಬಾಯಿಗೆ ಇಟ್ಟು, ಈ ಬಳೆಯನ್ನು ಅದರ ಹೊರಬಳೆಯ ಮೇಲೆ ಸರಿಯಾಗಿ ಕೂರಿಸಿದ. ಬಳೆಯ ಮೇಲೆ ದಪ್ಪ ತಗಡು. ತಗಡಿನ ಮೇಲೆ ತಿರುಪು.

“ಈಗ ಒತ್ತಡ ಅಂಚಿನಿಂದ ಅಂಚಿಗೆ ಹೋಗುತ್ತದೆ. ನಡುವೆ ಯಾರನ್ನೂ ಮುಟ್ಟುವುದಿಲ್ಲ.”

ಇಬ್ಬರೂ ಕೋಲು ಹಿಡಿದರು. ತಿರುಪು ಇಳಿಯಿತು. ಭಾವಮೈದನ ತೋಳು ಬಲವಾದದ್ದು. ಕೋಲು ಅವನ ಕಡೆ ಬೇಗ ಓಡಿತು. ಶಾವಿಗೆಗಾರ ತಡೆಯಲಾಗದೆ ಹಿಂದೆ ತಿರುಗಿ ಕೂಗಿದ:

“ಏ, ನಿನ್ನ ತಮ್ಮನಿಗೆ ಹೇಳು, ಮೆಲ್ಲಗೆ ತಿರುಗಿಸಲಿ!”

“ಅಕ್ಕ, ಭಾವನಿಗೆ ಹೇಳು, ಕೋಲಿಗೆ ಜೋತುಬೀಳದೆ ತಿರುಗಿಸಲಿ!”

ಹೆಂಡತಿ ಬಾಗಿಲಿನಿಂದ ಅಂಗಳಕ್ಕೆ ಬಂದಳು. ಸೊಂಟಕ್ಕೆ ಕೈ ಇಟ್ಟು ನಿಂತಳು.

“ಒಂದೇ ಕೋಲು ಹಿಡಿದಿದ್ದೀರಿ” ಎಂದಳು. “ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುತ್ತಿದೆ. ಅಂಚೆಗೆ ನಾನು ಬೇಕಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಮೆಲ್ಲಗೆ ತಿರುಗಿಸೋ” ಎಂದ ಶಾವಿಗೆಗಾರ.

“ನೀವು ಜೋತುಬೀಳಬೇಡಿ ಭಾವ” ಎಂದ ಭಾವಮೈದ.

ಬೇರಿಂಗು ಗೂಡಿನ ತಳಕ್ಕೆ ಹೋಗಿ ನಿಂತಿತು. ಕೋಲು ಗಟ್ಟಿಯಾಯಿತು. ಆಮೇಲೆ ಹಬ್, ಎಂದರೆ ಚಕ್ರವನ್ನು ಬಿಗಿಯುವ ನಡುಗುಂಬ, ಒತ್ತುವ ಸರದಿ. ಅದು ಸೇರಬೇಕಾದದ್ದು ಒಳಬಳೆಗೆ. ಶಾವಿಗೆಗಾರ ಯಾರೂ ಹೇಳದೆಯೇ ಕೆಳಗಿನಿಂದ ಒಳಬಳೆಗೆ ಮಾತ್ರ ಆನಿಕೆ ಕೊಟ್ಟ. ಭಾವಮೈದ ನೋಡಿ ತಲೆಯಾಡಿಸಿದ. ಎಲ್ಲ ಮುಗಿದ ಮೇಲೆ ಹಬ್ ಅನ್ನು ಬೆರಳಲ್ಲಿ ತಿರುಗಿಸಿದರು. ರೇಷ್ಮೆ ನೂಲು ಬಿಚ್ಚಿದ ಹಾಗೆ ತಿರುಗಿತು.

ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ದನಿ ಬಂತು.

“ಹೊತ್ತಿಕೋ ಅಂದರೆ ಹೊಗೆ ಬಿಡುತ್ತೀಯಾ? ನಿನಗೂ ಗ್ಯಾರೇಜು ತೋರಿಸಲಾ?”

ಅಂಗಳದಲ್ಲಿದ್ದ ಇಬ್ಬರೂ ಕೆಲಸ ನಿಲ್ಲಿಸಿ ಕೇಳಿದರು. ಒಲೆಗೆ ಬೈಗುಳ ಬಹಳ ಹೊತ್ತು ಬಿತ್ತು. ಯಾರೂ ಅಡ್ಡ ಮಾತಾಡಲಿಲ್ಲ.

ಗೃಹಪ್ರವೇಶದ ದಿನ ಶಾವಿಗೆಗಾರ ಮತ್ತು ಹೆಂಡತಿ ಕಾರಿನಲ್ಲಿ ಹೋದರು. ದೊಡ್ಡ ರಸ್ತೆಯಲ್ಲೇ ಸುತ್ತಿ ಹೋದರು. ಹೊಸ ಒಲೆಯ ಮೇಲೆ ಇಬ್ಬರೂ ಸೇರಿ ಪಾತ್ರೆ ಇಟ್ಟರು. ಹಾಲು ಉಕ್ಕಿ ನಾಲ್ಕೂ ಕಡೆ ಹರಿಯಿತು. ಮನೆಗೆ ಮರಳುವಾಗ ಕಾರು ಸುಮ್ಮನಿತ್ತು. ಹೆಂಡತಿ ಸುಮ್ಮನಿರಲಿಲ್ಲ.

ಗುರುಗಳು ನಿಲ್ಲಿಸಿದರು. 

“ಹಾಗಾದರೆ ಜೋರಾಗಿ ಒತ್ತುವುದು ತಪ್ಪಲ್ಲ, ಗುರುಗಳೇ?”

“ಜೋರಿಲ್ಲದೆ ಯಾವ ಬೇರಿಂಗೂ ಕೂರುವುದಿಲ್ಲ.”

“ಕತೆ ಚೆನ್ನಾಗಿದೆ. ತಿಳಿಯಿತು. ಬರುತ್ತೇನೆ” ಎಂದು ಶಿಷ್ಯ ಎದ್ದ. ಎರಡು ಹೆಜ್ಜೆ ಇಟ್ಟು ನಿಂತ. ಬಾಗಿಲಾಚೆ ಒಮ್ಮೆ ನೋಡಿ ಗುರುಗಳ ಕಡೆ ತಿರುಗಿದ.

ಗುರುಗಳು ಹೇಳಿದರು: “ನನಗೆ ಹೇಳಬೇಕಾದ ಮಾತನ್ನು ನಿನ್ನ ತಲೆಗೆ ಹೊರಿಸಿ ಬಾಗಿಲಾಚೆ ನಿಂತಿದ್ದಾರಲ್ಲ, ಅವರನ್ನು ಒಳಗೆ ಕರೆ.”